ಉಳಿಕೆ ಮೇಸ್ತ್ರಿಯ ಕೆಂಪು ಗ್ರೀಸು

ಗಾಡಿ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಒಂದಾದರೂ ಬೋಲ್ಟು ಕೈಯಲ್ಲಿ ಉಳಿಯದಿದ್ದರೆ ಮೇಸ್ತ್ರಿಗೆ ಸಮಾಧಾನವಿರುತ್ತಿರಲಿಲ್ಲ. ಉಳಿದ ಬೋಲ್ಟನ್ನು ಅಂಗೈಯಲ್ಲಿಟ್ಟು, ತೂಕ ನೋಡುವವನಂತೆ ಮೇಲೆ ಕೆಳಗೆ ಆಡಿಸಿ, ಗ್ಯಾರೇಜಿನ ಕಿಟಕಿಯ ಕಟ್ಟೆಯ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ. ಅದು ಒಳಗೆ ಬಿದ್ದು ‘ಟಣ್’ ಎಂದರೆ ಕೆಲಸ ಮುಗಿಯಿತೆಂದು ಅರ್ಥ.

“ಮೇಸ್ತ್ರೀ, ಅದು ನನ್ನ ಗಾಡೀದಲ್ವಾ?” ಎಂದು ಗಿರಾಕಿ ಗಾಬರಿಯಿಂದ ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು.

“ನಿಮ್ದೇ ಸ್ವಾಮಿ, ಇನ್ಯಾರ್ದು? ಕಂಪನಿಯೋನು ಹೆದರ್ಕೊಂಡು ಒಂದೆರಡು ಜಾಸ್ತಿ ಹಾಕಿರ್ತಾನೆ. ನನಗೇನೂ ಹೆದರಿಕೆ ಇಲ್ಲ.”

“ಗಾಡಿ ಓಡ್ಸೋನು ನಾನು. ಹೆದರಿಕೆ ನನಗಿದೆಯಲ್ಲ!”

“ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ.”

ಹೀಗೆ ಅವನಿಗೆ ಉಳಿಕೆ ಮೇಸ್ತ್ರಿ ಎಂಬ ಹೆಸರು ಬಿತ್ತು. ಇಟ್ಟವರು ಅಣಕಕ್ಕೆ ಇಟ್ಟರು. ಇಟ್ಟುಕೊಂಡವನು ಬಿರುದೆಂದುಕೊಂಡ.

ಈ ವಿದ್ಯೆ ಅವನಿಗೆ ಹುಟ್ಟಿನಿಂದಲೇ ಬಂದದ್ದು. ಚಿಕ್ಕಂದಿನಲ್ಲಿ ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿ, ಒಂದು ಹಲ್ಲಿನ ಚಕ್ರ ಉಳಿಸಿಕೊಂಡು ಮತ್ತೆ ಜೋಡಿಸಿದ್ದ. ಗಡಿಯಾರ ಓಡಿತು. ಸ್ವಲ್ಪ ಅವಸರವಾಗಿ ಓಡಿತು, ಅಷ್ಟೆ. ಆ ಮನೆಯವರು ಎಷ್ಟೋ ಕಾಲ ಎಲ್ಲ ಕಡೆಗೂ ಎಲ್ಲರಿಗಿಂತ ಮೊದಲೇ ಹೋಗಿ, ಬೀಗ ಹಾಕಿದ ಬಾಗಿಲ ಮುಂದೆ ನಿಂತಿರುತ್ತಿದ್ದರು. ಲಾರಿ ಓಡಿಸುತ್ತಿದ್ದ ತಂದೆ ಒಂದು ದಿನ ಬಸ್ಸು ತಪ್ಪುವ ಬದಲು ಅದಕ್ಕೂ ಮೊದಲು ಬಂದ ಬಸ್ಸನ್ನೇ ಹತ್ತಿ ಬೇರೆ ಊರಿಗೆ ಹೋಗಿಬಿಟ್ಟ. ತಿರುಗಿ ಬಂದವನು ಮಗನ ಕಿವಿ ಹಿಡಿದು ಗ್ಯಾರೇಜಿಗೆ ಸೇರಿಸಿದ. “ಬಿಚ್ಚೋ ಚಟ ಇದ್ರೆ ಊರೋರ್ದು ಬಿಚ್ಚು, ನನ್ನ ಮನೇದು ಬೇಡ” ಎಂದ.

ಬೋಲ್ಟಿನಲ್ಲಿ ಇಷ್ಟು ಕೈಬಿಗಿಯಿದ್ದ ಮೇಸ್ತ್ರಿ ಗ್ರೀಸಿನಲ್ಲಿ ಮಾತ್ರ ದಾನಶೂರ. ಗ್ಯಾರೇಜಿನ ಮೂಲೆಯಲ್ಲಿ ಮೊಣಕಾಲೆತ್ತರದ ಡ್ರಮ್ಮು. ಒಳಗೆ ಹಣ್ಣು ಮೆಣಸಿನಕಾಯಿಯ ಬಣ್ಣದ ಕೆಂಪು ಗ್ರೀಸು. ಊರಿನ ಬೇರೆ ಗ್ಯಾರೇಜುಗಳಲ್ಲಿ ಕಪ್ಪು ಇತ್ತು, ಹಳದಿ ಇತ್ತು. ಕೆಂಪು ಇವನಲ್ಲಿ ಮಾತ್ರ. ಎಲ್ಲಿಂದ ತರಿಸುತ್ತಾನೆಂದು ಸಾಯುವ ಹೊತ್ತಿಗೂ ಹೇಳುವವನಲ್ಲ. ಒಂದು ಬೆರಳು ಹಚ್ಚುವ ಕಡೆ ಒಂದು ಮುಷ್ಟಿ ಹಚ್ಚುತ್ತಿದ್ದ. ಅವನ ಗುರುವಿನ ಮಾತೊಂದಿತ್ತು: “ಗ್ರೀಸು ಕಮ್ಮಿಯಾಗಿ ಕೆಟ್ಟ ಗಾಡಿ ನೂರು ನೋಡಿದ್ದೀನಿ, ಜಾಸ್ತಿಯಾಗಿ ಕೆಟ್ಟಿದ್ದು ಒಂದೂ ನೋಡಿಲ್ಲ.” ಜಾಸ್ತಿಯಾಗಿ ಕೆಟ್ಟ ಗಾಡಿಗಳು ಗುರುವಿನ ಹತ್ತಿರ ತಿರುಗಿ ಬರುತ್ತಿರಲಿಲ್ಲ, ಎದುರು ಗ್ಯಾರೇಜಿಗೆ ಹೋಗುತ್ತಿದ್ದವು ಎಂಬುದು ಗುರುವಿಗೂ ಹೊಳೆಯಲಿಲ್ಲ, ಶಿಷ್ಯನಿಗೂ ಹೊಳೆಯಲಿಲ್ಲ.

ಮನೆಯಲ್ಲಿ ಮೇಸ್ತ್ರಿಯ ತಾಯಿ ಇದ್ದಳು, ತಾಯಿಗೊಂದು ಟ್ರಂಕು ಇತ್ತು. ಆ ಮನೆಗೆ ಹೊಸದಾಗಿ ಬಂದದ್ದೆಲ್ಲ ಮೊದಲು ಆ ಟ್ರಂಕಿಗೆ ಹೋಗಬೇಕು. ಹೊಸ ಹೊದಿಕೆ, ಹೊಸ ಲೋಟ, ಹೊಸ ಟಾರ್ಚು, ಎಲ್ಲ ಅಲ್ಲಿ. ಮನೆಯವರು ಹರಿದ ಹೊದಿಕೆ ಹೊದ್ದು, ಸೊಟ್ಟ ಲೋಟದಲ್ಲಿ ಚಹಾ ಕುಡಿದು, ಕತ್ತಲಲ್ಲಿ ತಡಕಾಡುತ್ತ ಬಾಳುತ್ತಿದ್ದರು. “ಹೊಸದನ್ನ ಬಳಸಿದ್ರೆ ಹಳೇದಾಗಿ ಹೋಗುತ್ತೆ” ಎಂಬುದು ಮುದುಕಿಯ ತತ್ತ್ವ. ಅದನ್ನು ಯಾರೂ ಸುಳ್ಳೆಂದು ಸಾಧಿಸುವ ಹಾಗಿರಲಿಲ್ಲ. ಗಡಿಯಾರದಿಂದ ಉಳಿದ ಹಲ್ಲಿನ ಚಕ್ರವೂ ಅದೇ ಟ್ರಂಕಿನಲ್ಲಿ ಒಂದು ಚಿಂದಿಯಲ್ಲಿ ಸುತ್ತಿಕೊಂಡು ಮಲಗಿತ್ತು.

ಮೇಸ್ತ್ರಿಯ ಹೆಂಡತಿ ಹೊಲಿಯುವವಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಹಗಲೆಲ್ಲ ಬಗ್ಗಿ ಕುಳಿತು ಹೊಲಿದು, ಮನೆಗೆ ಬಂದು ನೆರೆಹೊರೆಯವರ ಬಟ್ಟೆಯನ್ನೂ ಹೊಲಿಯುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಮೇಸ್ತ್ರಿ ಪ್ರೀತಿ ಉಕ್ಕಿ ಅವಳ ಹೊಲಿಗೆ ಯಂತ್ರಕ್ಕೆ ತನ್ನ ಕೈಯಾರೆ ಎಣ್ಣೆ ಬಿಟ್ಟಿದ್ದ. ಪ್ರೀತಿ ಎಷ್ಟಿತ್ತೋ ಎಣ್ಣೆಯೂ ಅಷ್ಟೇ ಇತ್ತು. ಮರುದಿನ ಅವಳು ಹೊಲಿದ ಬಿಳಿ ಅಂಗಿಗಳ ಗಂಟಿಗೆ ಗಂಟೇ ಚಿರತೆಯ ಚರ್ಮದಂತೆ ಚುಕ್ಕೆ ಚುಕ್ಕೆಯಾಯಿತು. ಅಂದಿನಿಂದ ಯಂತ್ರದ ಹತ್ತಿರ ಅವನು ಸುಳಿದರೆ ಅವಳು ಕತ್ತರಿ ಎತ್ತಿಕೊಳ್ಳುತ್ತಿದ್ದಳು. “ನಿಮ್ಮ ಪ್ರೀತಿ ಗಾಡಿಗಳಿಗೆ ಇರ್ಲಿ, ನನ್ನ ಮಿಷನ್ನಿಗೆ ಒಂದು ತೊಟ್ಟು ಸಾಕು. ಆಮೇಲೆ ಚಿಂದಿ ಮೇಲೆ ಓಡಿಸ್ಬೇಕು, ಕಲೆ ನಿಲ್ಲೋ ತನಕ.”

ವರ್ಷಗಟ್ಟಲೆ ಬಗ್ಗಿದ ಬೆನ್ನು ಈಗ ನೆಟ್ಟಗಾಗಲು ಹಟ ಮಾಡುತ್ತಿತ್ತು. ಬೆಳಿಗ್ಗೆ ಏಳುವಾಗ ಗೋಡೆ ಹಿಡಿದು ಏಳುತ್ತಿದ್ದಳು. ಅಂಥ ಸಮಯದಲ್ಲಿ ಕಾರ್ಖಾನೆಯ ವ್ಯಾನಿನ ಚಾಲಕ ಕೆಲಸ ಬಿಟ್ಟ. ಒಡತಿ ಹೊಲಿಗೆಯವರನ್ನೆಲ್ಲ ಕೂಡಿಸಿ ಹೇಳಿದಳು: “ಹೊರಗಿನವರನ್ನ ತರೋಕೆ ನನಗೆ ಇಷ್ಟ ಇಲ್ಲ. ಈ ತಿಂಗಳೊಳಗೆ ನಿಮ್ಮಲ್ಲಿ ಯಾರು ಲೈಸೆನ್ಸ್ ತಂದು ತೋರಿಸ್ತೀರೋ, ವ್ಯಾನಿನ ಕೀಲಿ ಅವರಿಗೆ. ತಿಂಗಳು ಕಳೆದರೆ ಹೊರಗಿನವರೇ.”

ಮೇಸ್ತ್ರಿಯ ಹೆಂಡತಿಗೆ ಆ ವ್ಯಾನು ಸ್ವರ್ಗದ ಬಾಗಿಲಿನಂತೆ ಕಂಡಿತು. ಬಟ್ಟೆಯ ಗಂಟುಗಳನ್ನು ಶಾಲೆಗಳಿಗೆ ಮುಟ್ಟಿಸುವ ಕೆಲಸ. ಬೆನ್ನಿಗೆ ಒರಗು ಇರುವ ಕೆಲಸ. ಅವಳ ಅಕ್ಕನ ಗಂಡ, ಅಂದರೆ ಮೇಸ್ತ್ರಿಯ ಷಡ್ಡಕ, ಡ್ರೈವಿಂಗ್ ಶಾಲೆ ನಡೆಸುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಲಿಯುವವರ ಪಕ್ಕದ ಸೀಟಿನಲ್ಲಿ ತನ್ನದೇ ಬ್ರೇಕಿನ ಮೇಲೆ ಕಾಲು. ಇಡೀ ಊರಿಗೆ ಗಾಡಿ ಕಲಿಸಿದವನು ತಾನು ಎಂಬುದು ಅವನ ಜಂಬ. ಆ ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನು ತಾನು ಎಂಬುದು ಮೇಸ್ತ್ರಿಯ ಜಂಬ. ಒಬ್ಬ ಕೆಡಿಸಲು ಕಲಿಸುತ್ತಾನೆ, ಇನ್ನೊಬ್ಬ ಕೆಟ್ಟದ್ದನ್ನು ಬಿಚ್ಚುತ್ತಾನೆ ಎಂದು ಊರವರು ಆಡಿಕೊಳ್ಳುತ್ತಿದ್ದರು.

ಹೆಂಡತಿ ಗಾಡಿ ಕಲಿಯುತ್ತಾಳೆಂದಾಗ ಮೇಸ್ತ್ರಿ ಎದೆಯುಬ್ಬಿಸಿ ಊರೆಲ್ಲ ಹೇಳಿಕೊಂಡು ಬಂದ. ಊಟಕ್ಕೆ ಕುಳಿತಾಗ ಪಾಠವನ್ನೂ ಶುರುಮಾಡಿದ. ಊಟದ ತಟ್ಟೆಯನ್ನು ಎತ್ತಿ ಹಿಡಿದ.

“ಇದು ಇಂಜಿನ್ ಅನ್ಕೋ. ಯಾವಾಗ್ಲೂ ತಿರುಗ್ತಾ ಇರುತ್ತೆ. ಈ ಸಣ್ಣ ತಟ್ಟೆ ಕ್ಲಚ್ ಪ್ಲೇಟು. ಈ ಮುಚ್ಚಳ ಹಿಂದಿನಿಂದ ಒತ್ತಿ ಹಿಡಿದ್ರೆ ಎರಡೂ ಕೂಡಿ ತಿರುಗ್ತವೆ, ಗಾಡಿ ಹೋಗುತ್ತೆ. ನೀನು ಕಾಲಿಟ್ಟೆ ಅನ್ನು, ಮುಚ್ಚಳ ಸಡಿಲ. ಇದು ಬೇರೆ, ಅದು ಬೇರೆ. ಗಂಡ ಹೆಂಡತಿ ಇದ್ದ ಹಾಗೆ.”

“ಅದ್ರಲ್ಲಿ ನಾನ್ಯಾವುದು?”

“ನೀನು ಪ್ಲೇಟು.”

“ನೀವು?”

“ಇಂಜಿನ್.”

“ಅಂದ್ರೆ ಸವೆಯೋಳು ನಾನು” ಎಂದು ಅವಳು ತಟ್ಟೆ ಕಿತ್ತುಕೊಂಡು ಬಡಿಸಿದಳು.

ಪಾಠ ಇನ್ನೂ ನಡೆಯುತ್ತಿದ್ದಾಗಲೇ ಷಡ್ಡಕನ ಗಾಡಿಯ ಕ್ಲಚ್ಚು ಸವೆದು ಕೈಕೊಟ್ಟಿತು. ಕಲಿಯುವವರ ಗಾಡಿಗೆ ಅದು ಹೊಸದೇನಲ್ಲ. ಷಡ್ಡಕ ಹೊಸ ಕ್ಲಚ್ಚಿನ ಪೆಟ್ಟಿಗೆಯನ್ನೇ ತಂದುಕೊಟ್ಟ. ಪ್ಲೇಟು, ಅದನ್ನು ಒತ್ತುವ ಮುಚ್ಚಳ, ಆ ಮುಚ್ಚಳವನ್ನು ಇಂಜಿನ್ನಿಗೆ ಬಿಗಿಯುವ ಹೊಚ್ಚಹೊಸ ಬೋಲ್ಟುಗಳ ಪೊಟ್ಟಣ, ಜೊತೆಗೆ ಶಾಂಪೂ ಪ್ಯಾಕೆಟ್ಟಿನಂಥ ಬೆರಳುದ್ದದ ಚೀಟಿಯಲ್ಲಿ ಚೂರು ಗ್ರೀಸು.

ಮೇಸ್ತ್ರಿ ಆ ಚೀಟಿಯನ್ನು ಬೆಳಕಿಗೆ ಹಿಡಿದು ನಕ್ಕ. “ಇದೇನು ಷಡ್ಡಕರೇ, ಮಗು ಕಣ್ಣಿಗೆ ಕಾಡಿಗೆ ಹಚ್ಚೋಕಾ?”

“ಅವರು ಅಷ್ಟೇ ಸಾಕು ಅಂತ ತಾನೆ ಕೊಟ್ಟಿದ್ದು?”

“ಅವರು ಜಿಪುಣರು. ಬೋಲ್ಟು ಕಂಡರೆ ಧಾರಾಳ, ಗ್ರೀಸು ಕಂಡರೆ ಜಿಪುಣ. ನಾನು ಹಾಗಲ್ಲ.”

“ನೀವು ತಿರುವು ಮುರುವು” ಎಂದ ಷಡ್ಡಕ, ಅಂಗಿಗೆ ಕಲೆಯಾಗದಂತೆ ದೂರ ನಿಂತು.

ಗೇರ್‌ಬಾಕ್ಸನ್ನು ಜಾಕಿನ ಮೇಲೆ ಕೂರಿಸಿ ಹಿಂದೆ ಸರಿಸಿದ್ದಾಯಿತು. ಅದರಿಂದ ಮುಂದೆ ಚಾಚಿಕೊಂಡ ಉಕ್ಕಿನ ದಂಡವೊಂದಿರುತ್ತದೆ. ಅದರ ಮೈತುಂಬ ಉದ್ದುದ್ದ ಗೀರುಗಳು. ಅದಕ್ಕೆ ಸ್ಪ್ಲೈನು ಎನ್ನುತ್ತಾರೆ. ಪ್ಲೇಟಿನ ನಡುವಿನ ಹಲ್ಲಿನ ತೂತು ಆ ಗೀರುಗಳ ಮೇಲೆ ಕೂತು ಹಿಂದೆ ಮುಂದೆ ಜಾರಬೇಕು. ಅಲ್ಲಿಗೆ ಗ್ರೀಸು ಬೇಕು, ಉಗುರಿನ ಹೊಳಪಿನಷ್ಟು. ಮೇಸ್ತ್ರಿ ಡ್ರಮ್ಮಿಗೆ ಮಣಿಕಟ್ಟಿನ ತನಕ ಕೈಹಾಕಿ, ಕೆಂಪು ಉಂಡೆಯೊಂದನ್ನು ಎತ್ತಿ, ಎಮ್ಮೆಯ ಮೈ ತೊಳೆಯುವವನ ಅಕ್ಕರೆಯಿಂದ ದಂಡಕ್ಕೆ ಬಳಿದ. ಗೀರುಗಳು ಮಾಯವಾದವು.

ಮುಚ್ಚಳ ಬಿಗಿಯುವ ಹೊತ್ತಿಗೆ ಹೊಸ ಬೋಲ್ಟುಗಳ ಪೊಟ್ಟಣ ಕೈಗೆ ಬಂತು. ಬೋಲ್ಟುಗಳು ಬೆಳ್ಳಿಯಂತೆ ಮಿನುಗಿದವು. ಮೇಸ್ತ್ರಿಗೆ ತಾಯಿಯ ರಕ್ತ ಜಾಗೃತವಾಯಿತು. ಇಂಥದ್ದನ್ನು ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಕಲಿಯುವವರ ಗಾಡಿಗೆ ಹಾಕುವುದೆ? ಅವನು ಪೊಟ್ಟಣವನ್ನು ಮಡಿಸಿ, ಗ್ರೀಸಿನ ಚೀಟಿಯ ಜೊತೆ ಜೇಬಿಗೆ ಸೇರಿಸಿದ. ಕಿತ್ತಿದ್ದ ಹಳೆಯ ಬೋಲ್ಟುಗಳಲ್ಲಿ ಎರಡರ ತಿರುಪಿನ ಎಳೆ ಸವೆದಿತ್ತು. ಆ ಜಾಗಕ್ಕೆ ಡಬ್ಬಿಯಿಂದ ಎರಡು ಹುಡುಕಿ ಹಾಕಿದ.

“ಹಳೇದೇ ಹಾಕ್ತಿದ್ದೀರಲ್ಲ?” ಎಂದ ಷಡ್ಡಕ.

“ಇವಕ್ಕೆ ಅನುಭವ ಇದೆ” ಎಂದು ಮೇಸ್ತ್ರಿ ಪಾನೆಯನ್ನು ಎಳೆದ. ಎಷ್ಟು ಬಿಗಿಯಬೇಕೆಂಬುದಕ್ಕೆ ಅವನಿಗೆ ಅಳತೆಯ ಪಾನೆ ಬೇಕಿರಲಿಲ್ಲ. ಮೊಣಕೈ ಹೇಳುತ್ತಿತ್ತು. ಗೇರ್‌ಬಾಕ್ಸನ್ನೂ ಕೂರಿಸಿ ಬಿಗಿದ ಮೇಲೆ ಕೊನೆಗೆ ಅದರದೊಂದು ಉಳಿಯಿತು. ಡಬ್ಬಿ ‘ಟಣ್’ ಎಂದಿತು. ಎಲ್ಲರಿಗೂ ಸಂತೋಷವಾಯಿತು.

ಮನೆಗೆ ಹೋದ ಪೊಟ್ಟಣ ಮುದುಕಿಯ ಕಣ್ಣಿಗೆ ಬಿದ್ದದ್ದೇ ತಡ, ಟ್ರಂಕಿನ ಪಾಲಾಯಿತು.

ಮೊದಲ ಕೆಲವು ದಿನ ಗಾಡಿ ಬೆಣ್ಣೆಯಂತೆ ಓಡಿತು. ಆಮೇಲೆ ಕೆಮ್ಮತೊಡಗಿತು. ಮೊದಲ ಗೇರಿಗೆ ಹಾಕಿ ಕಾಲು ಬಿಟ್ಟರೆ ಚಳಿಜ್ವರ ಬಂದವರಂತೆ ಗಡಗಡ ನಡುಗುವುದು. ದಿಬ್ಬದಲ್ಲಿ ಇಂಜಿನ್ ಊರಿಗೆಲ್ಲ ಕೇಳುವಂತೆ ಕೂಗುವುದು, ಗಾಡಿ ಮಾತ್ರ ಇದ್ದಲ್ಲೇ ಇರುವುದು. ಜೊತೆಗೆ ಒಳಗೆಲ್ಲೋ ಕಿಣಿಕಿಣಿ ಸದ್ದು.

ಆ ಹೊತ್ತಿನಲ್ಲಿ ಗಾಡಿಯಲ್ಲಿ ಹೆಚ್ಚು ಕೂರುತ್ತಿದ್ದವಳು ಮೇಸ್ತ್ರಿಯ ಹೆಂಡತಿ. ಷಡ್ಡಕ ಗಾಡಿಯನ್ನು ಗ್ಯಾರೇಜಿಗೆ ತಂದ. ಮೇಸ್ತ್ರಿ ಬಾನೆಟ್ಟಿನ ಮೇಲೆ ಕಿವಿಯಿಟ್ಟು, ಕಣ್ಣುಮುಚ್ಚಿ ಕೇಳಿ, ತೀರ್ಪು ಕೊಟ್ಟ.

“ಗಾಡಿಗೇನೂ ಆಗಿಲ್ಲ. ಕಾಲು ಭಾರ.”

“ಯಾರ ಕಾಲು?” ಎಂದಳು ಹೆಂಡತಿ.

“ಕಲಿಯೋರ ಕಾಲು. ಹೆಂಗಸ್ರು ಕ್ಲಚ್ ಮೇಲೆ ಕಾಲಿಟ್ರೆ ಎತ್ತೋದೇ ಇಲ್ಲ. ಚಾಪೆ ಅನ್ಕೋತಾರೆ.”

“ರೀ, ಹತ್ತೊಂಬತ್ತನೇ ವಯಸ್ಸಿಂದ ಮಿಷನ್ ತುಳೀತಿದ್ದೀನಿ. ಒಂದೊಂದೇ ಹೊಲಿಗೆ ಬೀಳೋ ಹಾಗೆ ತುಳಿಯೋ ಕಾಲು ಇದು. ಭಾರ ಅಂತೀರಾ?”

ಷಡ್ಡಕನಿಗೆ ಒಳಗೊಳಗೇ ಅನುಮಾನವಿತ್ತು. ಆದರೆ ಗಾಡಿಯ ತಪ್ಪೆಂದರೆ ಗಾಡಿ ತನ್ನದು, ಮೇಸ್ತ್ರಿಯ ತಪ್ಪೆಂದರೆ ಮೇಸ್ತ್ರಿ ನೆಂಟ, ಕಲಿಸಿದ ತಪ್ಪೆಂದರೆ ಮೇಷ್ಟ್ರು ತಾನೇ. ಹೀಗೆ ಎಲ್ಲ ಕಡೆ ಲೆಕ್ಕ ಹಾಕಿ, “ಸ್ವಲ್ಪ ಭಾರ ಇದೆ ಅಮ್ಮಾ” ಎಂದು ತಲೆಯಾಡಿಸಿದ. ಮನೆಯಲ್ಲಿ ಅತ್ತೆಗೆ ಸುದ್ದಿ ಮುಟ್ಟಿತು. ಅವಳು ಟ್ರಂಕಿನ ಮೇಲೆ ಕುಳಿತೇ ಗಾದೆ ಎಸೆದಳು: “ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ.”

ಹೆಂಡತಿ ಮರುದಿನದಿಂದ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕ್ಲಚ್ಚು ತುಳಿದಳು. ಹಕ್ಕಿಮರಿಯ ಮೇಲೆ ಕಾಲಿಟ್ಟಂತೆ ಇಟ್ಟಳು. ಗಾಡಿ ಹಾಗೆಯೇ ನಡುಗಿತು. ಕಾರ್ಖಾನೆಯಲ್ಲಿ ಹೊಲಿಯುವಾಗ ತನ್ನ ಪಾದವನ್ನೇ ದಿಟ್ಟಿಸಿ ನೋಡುತ್ತಿದ್ದಳು. ಇಷ್ಟು ವರ್ಷ ನಂಬಿದ್ದ ಕಾಲಿನ ಮೇಲೆಯೇ ಅವಳಿಗೆ ಅನುಮಾನ ಬಂದಿತ್ತು. ಹೊಲಿಗೆ ಕೂಡ ಅಲ್ಲಲ್ಲಿ ಸೊಟ್ಟವಾಯಿತು.

ಪರೀಕ್ಷೆಯ ದಿನ ಮೈದಾನದ ಕೊನೆಯ ಮಣ್ಣಿನ ದಿಬ್ಬದ ನಡುವೆ ಗಾಡಿ ನಿಲ್ಲಿಸಿ, ಹಿಂದೆ ಜಾರದಂತೆ ಮತ್ತೆ ಹತ್ತಿಸಬೇಕಿತ್ತು. ಅವಳು ಹತ್ತಿಸಹೋದಳು. ಇಂಜಿನ್ ಕೂಗಿತು, ಗಾಡಿ ನಡುಗಿತು, ಸುಟ್ಟ ವಾಸನೆ ಮೈದಾನವನ್ನೆಲ್ಲ ತುಂಬಿತು, ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿ ಕೆಳಗಿನ ಟೈರಿನ ರಾಶಿಗೆ ಒರಗಿ ನಿಂತಿತು. ಪರೀಕ್ಷೆ ಮಾಡುವ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು, “ಏನಮ್ಮಾ, ಕ್ಲಚ್ಚನ್ನೇ ಸುಟ್ಟು ತಿಂದ್ರಲ್ಲ! ತಿಂಗಳ ಕೊನೇಲಿ ಇನ್ನೊಂದು ಸಲ ಬನ್ನಿ” ಎಂದರು.

ತಿಂಗಳ ಕೊನೆಯೆಂದರೆ ಒಡತಿಯ ಗಡುವಿನ ಕೊನೆಯೂ ಅದೇ.

ಬೇಲಿಯಾಚೆ ನಿಂತಿದ್ದ ಮೇಸ್ತ್ರಿಗೂ ಆ ವಾಸನೆ ಬಡಿಯಿತು. ಸುಟ್ಟ ಪ್ಲೇಟಿನ ವಾಸನೆಯ ಜೊತೆ ಇನ್ನೊಂದು ವಾಸನೆಯಿತ್ತು. ಕರಗಿದ ಗ್ರೀಸಿನದು. ತನ್ನ ಡ್ರಮ್ಮಿನ ವಾಸನೆ ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನದಿದ್ದರೂ ಮೇಸ್ತ್ರಿ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಪ್ಲೇಟು ಹೋಗಿದೆ ಅನ್ಸುತ್ತೆ” ಎಂದು ಷಡ್ಡಕನ ಕಿವಿಯಲ್ಲಿ ಹೇಳಿದ. “ರಜೆ ದಿನ ಗ್ಯಾರೇಜಿಗೆ ತನ್ನಿ. ನಾವಿಬ್ಬರೇ ಬಿಚ್ಚೋಣ.”

ರಜೆಯ ದಿನ ಇಬ್ಬರೂ ಗ್ಯಾರೇಜಿಗೆ ಬಂದರೆ, ಮನೆಯಲ್ಲಿದ್ದ ಇನ್ನೊಂದು ಬೀಗದಕೈಯಿಂದ ಬಾಗಿಲು ತೆಗೆದು ಹೆಂಡತಿ ಆಗಲೇ ಒಳಗೆ, ತಲೆಕೆಳಗಾದ ಬಕೆಟ್ಟಿನ ಮೇಲೆ ಕುಳಿತಿದ್ದಳು.

“ನೀನ್ಯಾಕೆ ಬಂದೆ?”

“ನನ್ನ ಕಾಲಿನ ತಪ್ಪು ಒಳಗಡೆ ಹೇಗೆ ಕಾಣುತ್ತೆ ಅಂತ ನೋಡೋಣ ಅಂತ.”

“ಇಲ್ಲೆಲ್ಲ ಗಲೀಜು.”

“ಮೂವತ್ತು ವರ್ಷದಿಂದ ನಿಮ್ಮ ಬಟ್ಟೆ ಒಗೀತಿದ್ದೀನಿ. ಗಲೀಜು ಗೊತ್ತು.”

ಗೇರ್‌ಬಾಕ್ಸು ಹಿಂದೆ ಸರಿದಾಗ ಮೊದಲು ನೆಲಕ್ಕೆ ಬಿದ್ದದ್ದು ಒಂದು ಬೋಲ್ಟಿನ ತಲೆ. ಡಬ್ಬಿಯಿಂದ ಆರಿಸಿ ಹಾಕಿದ್ದ ಎರಡರಲ್ಲಿ ಒಂದು ಕತ್ತು ಮುರಿದುಕೊಂಡು, ಇಷ್ಟು ದಿನ ಒಳಗೆ ಕಿಣಿಕಿಣಿ ಎಂದು ತಿರುಗಿತ್ತು. ಇನ್ನೊಂದು ಬೆರಳಲ್ಲೇ ಬಿಚ್ಚುವಷ್ಟು ಸಡಿಲ. ಮುಚ್ಚಳ ಒಂದು ಕಡೆ ಒತ್ತಿ, ಒಂದು ಕಡೆ ಬಾಯಿಬಿಟ್ಟಿತ್ತು. ಪ್ಲೇಟು ಹೊರಗೆ ಬಂತು. ನಡುವಿನ ತೂತಿನಿಂದ ಅಂಚಿನ ತನಕ ಕೆಂಪು ಕಿರಣಗಳು, ಮಕ್ಕಳು ಬರೆದ ಸೂರ್ಯನಂತೆ. ತಿರುಗುವ ರಭಸಕ್ಕೆ ಮುಷ್ಟಿ ಗ್ರೀಸು ಕರಗಿ ಚಿಮ್ಮಿ, ಹಿಡಿಯಬೇಕಾದ ಮೈಗೆಲ್ಲ ಹರಡಿ, ಸುಟ್ಟು ಹೊಳೆಯುತ್ತಿತ್ತು.

ಷಡ್ಡಕ ಜೇಬಿನ ಪೆನ್ನುಗಳನ್ನು ನೆಟ್ಟಗೆ ಮಾಡಿಕೊಂಡ.

“ಎಣ್ಣೆ ತಡೆಯೋ ಸೀಲು ಸೋರಿರ್ಬೇಕು” ಎಂದ ಮೇಸ್ತ್ರಿ, ಬಹಳ ಮೆತ್ತಗೆ. “ಗೇರಿನ ಎಣ್ಣೆ…”

ಹೆಂಡತಿ ಬೆರಳಿನಿಂದ ಒಂದು ಕಿರಣವನ್ನು ಒರೆಸಿ, ಮೂಲೆಯ ಡ್ರಮ್ಮಿನ ಹತ್ತಿರ ಹೋಗಿ, ಅದರ ಅಂಚಿಗೆ ಬೆರಳನ್ನು ಹಿಡಿದಳು. ಅದೇ ಕೆಂಪು.

“ಗೇರಿನ ಎಣ್ಣೆ ಕೆಂಪಗಿರುತ್ತಾ ಭಾವ?”

“ಈ ಗಾಡೀದು… ಇಲ್ಲಮ್ಮ” ಎಂದ ಷಡ್ಡಕ.

“ನನ್ನ ಅಂಗಿ ಗಂಟು ನೆನಪಾಯ್ತು” ಎಂದಳು ಅವಳು. ಇಷ್ಟೇ ಅಂದಳು. ಬೈದಿದ್ದರೆ ಮೇಸ್ತ್ರಿ ತಿರುಗಿ ಬೈಯುತ್ತಿದ್ದ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದ. ಅವಳು ಬಕೆಟ್ಟಿನ ಮೇಲೆ ಕುಳಿತು ತನ್ನ ಎಡಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕಳೆದುಹೋಗಿ ಸಿಕ್ಕ ವಸ್ತುವನ್ನು ನೋಡುವಂತೆ ನೋಡುತ್ತ ಸವರಿದಳು. ಮೇಸ್ತ್ರಿಗೆ ಅದನ್ನು ನೋಡಲಾಗಲಿಲ್ಲ. ಅವನು ಸೈಕಲ್ಲು ಹತ್ತಿ, ಪೇಟೆಗೆ ಹೋಗಿ, ಹೊಸ ಪ್ಲೇಟು ಹಿಡಿದು ಬಂದ.

ಬೋಲ್ಟುಗಳು ಬೇಕಿದ್ದವು. ಅವು ಟ್ರಂಕಿನಲ್ಲಿದ್ದವು. ಮೂವರೂ ಮನೆಗೆ ಹೋದರು. ಮುದುಕಿ ಟ್ರಂಕಿನ ಮೇಲೆ ಗಟ್ಟಿಯಾಗಿ ಕುಳಿತಳು.

“ಹೊಸ ಬೋಲ್ಟಾ? ಆಗಲ್ಲ. ಯಾರಿಗಾದ್ರೂ ಉಡುಗೊರೆ ಕೊಡೋಕೆ ಇಟ್ಟಿದ್ದೀನಿ.”

“ಬೋಲ್ಟನ್ನ ಯಾರಮ್ಮಾ ಉಡುಗೊರೆ ಕೊಡ್ತಾರೆ?”

“ಇಷ್ಟು ಚಂದ ಇದ್ರೆ ಏನನ್ನ ಬೇಕಾದ್ರೂ ಕೊಡಬಹುದು. ಹಳೇದು ಹಾಕೋ. ಡಬ್ಬಿ ತುಂಬ ಇದೆಯಲ್ಲ.”

“ಹಳೇದು ಹಾಕಿದ್ದಕ್ಕೇ ಹೀಗಾಗಿದ್ದು” ಎಂದುಬಿಟ್ಟ ಮೇಸ್ತ್ರಿ. ಬಾಯಿಂದ ಬಿದ್ದದ್ದು ತನ್ನದೇ ಮಾತೇ ಎಂದು ಅವನೇ ಬೆಚ್ಚಿದ.

ಸೊಸೆ ಅತ್ತೆಯ ಕೈಹಿಡಿದು ಎಬ್ಬಿಸಿದಳು. “ನೆಲ ನಿಜವಾಗ್ಲೂ ಡೊಂಕಿತ್ತು ಅತ್ತೆ. ಏಳಿ.”

ಟ್ರಂಕಿನಲ್ಲಿ ಬೋಲ್ಟಿನ ಪೊಟ್ಟಣವೂ ಗ್ರೀಸಿನ ಚೀಟಿಯೂ ಸಿಕ್ಕವು. ಅವುಗಳ ಕೆಳಗೆ, ಎಂದೋ ಷಡ್ಡಕನೇ ಕೊಟ್ಟಿದ್ದ, ಬೇಕಾದಷ್ಟು ಬಿಗಿಯಾದ ಕೂಡಲೇ ‘ಟಕ್’ ಎನ್ನುವ ಅಳತೆಯ ಪಾನೆಯೂ ಪ್ಲಾಸ್ಟಿಕ್ ಹೊದ್ದುಕೊಂಡು ಮಲಗಿತ್ತು.

“ಇದು ಮುರಿದು ಹೋಯ್ತು ಅಂದಿದ್ರಲ್ಲ ಮೇಸ್ತ್ರಿ?” ಎಂದ ಷಡ್ಡಕ.

“ಜೋಪಾನವಾಗಿದೆ ಅಂತ ಸಂತೋಷಪಡಿ” ಎಂದ ಮೇಸ್ತ್ರಿ.

ಮತ್ತೆ ಗ್ಯಾರೇಜು. ಇಂಜಿನ್ನಿನ ಮುಖವನ್ನೂ ದಂಡವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಕೊನೆಗೆ ಪೆಟ್ರೋಲಿನ ಬಟ್ಟೆಯಿಂದ ಒರೆಸಿ, ಜಿಡ್ಡಿನ ಸುಳಿವೂ ಇಲ್ಲದಂತೆ ಮಾಡಿದ್ದಾಯಿತು. ಮೇಸ್ತ್ರಿಯ ಕೈ ಅಭ್ಯಾಸಬಲದಿಂದ ಡ್ರಮ್ಮಿನ ಕಡೆ ಹೋಯಿತು. ಹೆಂಡತಿ ಗಂಟಲು ಸರಿಪಡಿಸಿಕೊಂಡಳು. ಕೈ ಹಿಂದೆ ಬಂತು. ಅವನು ಚೀಟಿ ಹರಿದು, ಚೂರು ಗ್ರೀಸನ್ನು ಸಣ್ಣ ಬ್ರಷ್ಷಿನಲ್ಲಿ ಗೀರುಗಳ ಉದ್ದಕ್ಕೂ ಎಳೆದ. ಅವನಿಗೆ ಅದು ಉಪವಾಸದಂತೆ ಕಂಡಿತು. ಅವಳು ಕಾರ್ಖಾನೆಯಿಂದ ತಂದಿದ್ದ ಬಿಳಿ ಚಿಂದಿ ಕೊಟ್ಟಳು.

“ಪ್ಲೇಟು ಒಂದು ಸಲ ಹಾಕಿ ತೆಗೀರಿ. ಹೊರಗೆ ಬಂದಿದ್ದನ್ನ ಒರೆಸಿ. ಮತ್ತೆ ಹಾಕಿ ತೆಗೀರಿ. ಚಿಂದಿಗೆ ಕಲೆ ಹತ್ತಬಾರ್ದು, ಅಲ್ಲೀ ತನಕ.”

“ಇದು ಹೊಲಿಗೆ ಮಿಷನ್ ಅಲ್ಲ.”

“ಅದಕ್ಕೆ ನೀವು ಇನ್ನೂ ಜಾಸ್ತಿ ಹುಷಾರಾಗಿರ್ಬೇಕು.”

ಮೇಸ್ತ್ರಿ ಹಾಕಿದ, ತೆಗೆದ, ಒರೆಸಿದ. ಹೊಸ ಬೋಲ್ಟುಗಳನ್ನು ಒಂದಕ್ಕೆ ಎದುರು ಇನ್ನೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದ. ಅಳತೆಯ ಪಾನೆ ‘ಟಕ್’ ಎಂದಾಗಲೆಲ್ಲ ಮೊಣಕೈಗೆ ಅವಮಾನವಾದಂತೆ ಮುಖ ಹಿಂಡಿದ. ಕೊನೆಗೆ ಎದ್ದು ನಿಂತು ಅಂಗೈ ನೋಡಿಕೊಂಡ. ಏನೂ ಉಳಿದಿರಲಿಲ್ಲ. ನೆಲ ತಡಕಿದ, ಜೇಬು ತಡಕಿದ, ಜಾಕಿನ ಕೆಳಗೆ ಟಾರ್ಚು ಬಿಟ್ಟ. ಒಂದೂ ಇಲ್ಲ.

“ಎಲ್ಲೋ ಏನೋ ತಪ್ಪಾಗಿದೆ” ಎಂದು ಗೊಣಗಿದ.

ಪರೀಕ್ಷೆಯ ಮೈದಾನದಲ್ಲಿ ಅಂದು ಜನ ಹೆಚ್ಚಿದ್ದರು. ಬೇರೆ ಶಾಲೆಗಳ ಗಾಡಿಗಳ ಜೊತೆ ಬೇರೆ ಗ್ಯಾರೇಜಿನವರೂ ಬಂದಿದ್ದರು. ಎದುರು ಗ್ಯಾರೇಜಿನವನು ಬೇಲಿಗೆ ಒರಗಿ, ಹಲ್ಲಿಗೆ ಕಡ್ಡಿ ಹಾಕುತ್ತ ಮೇಸ್ತ್ರಿಯ ಪಕ್ಕದಲ್ಲೇ ನಿಂತಿದ್ದ. ಹೆಂಡತಿ ಚಪ್ಪಲಿ ಹಾಕಿಕೊಂಡೇ ಗಾಡಿಯಲ್ಲಿ ಕುಳಿತಳು. ಸಾಹೇಬರು ಕಿಟಕಿಯಿಂದ ಬಗ್ಗಿ ನೋಡಿದರು.

“ಓ, ನೀವಾ! ಕ್ಲಚ್ ಸುಟ್ಟೋರು. ಕಾಲು ಭಾರ ಅಮ್ಮಾ ನಿಮ್ದು. ದಿಬ್ಬಕ್ಕೆ ಬಿಡೋಕೆ ನನಗೆ ಧೈರ್ಯ ಇಲ್ಲ. ಕೆಳಗೆ ಜನ ನಿಂತಿದ್ದಾರೆ. ಇನ್ನೊಂದು ತಿಂಗಳು ಕಲೀರಿ, ಆಮೇಲೆ ನೋಡೋಣ.”

ಇನ್ನೊಂದು ತಿಂಗಳೆಂದರೆ ವ್ಯಾನು ಇನ್ನೊಬ್ಬರ ಪಾಲು. ಅವಳು ಕೀಲಿಯ ಮೇಲೆ ಕೈಯಿಟ್ಟುಕೊಂಡು ಬೇಲಿಯ ಕಡೆ ತಿರುಗಿ ನೋಡಿದಳು. ಷಡ್ಡಕ ಆಕಾಶ ನೋಡತೊಡಗಿದ. ಮೇಸ್ತ್ರಿ ಎದುರು ಗ್ಯಾರೇಜಿನವನನ್ನು ನೋಡಿದ, ಅವನ ಬಾಯಿಯ ಕಡ್ಡಿಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ.

“ಸಾರ್!” ಎಂದ ಕೊನೆಗೆ. ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು. “ಕಾಲಲ್ಲ ಸಾರ್. ಕೈ. ನನ್ನ ಕೈ.”

“ಏನ್ರೀ?”

“ಕ್ಲಚ್ ಕಟ್ಟಿದ್ದು ನಾನು. ಗ್ರೀಸು ಜಾಸ್ತಿ ಬಳಿದಿದ್ದೆ, ಪ್ಲೇಟಿಗೆ ಚಿಮ್ಮಿತು. ಬೋಲ್ಟೂ ಹಳೇದು ಹಾಕಿದ್ದೆ, ಮುರೀತು. ಅವಳ ಕಾಲಿಗೇನೂ ಆಗಿಲ್ಲ. ಈಗ ಹೊಸದಾಗಿ ಕಟ್ಟಿದ್ದೀನಿ. ಬೇಕಿದ್ರೆ ದಿಬ್ಬದ ಕೆಳಗೆ ನಾನೇ ನಿಂತ್ಕೋತೀನಿ.”

ಎದುರು ಗ್ಯಾರೇಜಿನವನ ಬಾಯಿಂದ ಕಡ್ಡಿ ಬಿತ್ತು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. “ಇಷ್ಟು ವರ್ಷದಲ್ಲಿ ಮೆಕ್ಯಾನಿಕ್ಕು ತಪ್ಪು ಒಪ್ಕೊಂಡಿದ್ದು ಇದೇ ಮೊದಲು ಕೇಳ್ತಿರೋದು. ಅದಕ್ಕಾದ್ರೂ ಒಂದು ಸಲ ಬಿಡ್ಬೇಕು. ಹೋಗಿ ನಿಂತ್ಕೊಳ್ಳಿ.”

ಮೇಸ್ತ್ರಿ ಹೋಗಿ ಟೈರಿನ ರಾಶಿಯ ಮುಂದೆ ನಿಂತ. ಗಾಡಿ ದಿಬ್ಬದ ನಡುವೆ ಹತ್ತಿ ನಿಂತಿತು. ಅದರ ಹಿಂದಿನ ಬಂಪರು ಅವನ ಎದೆಗೆ ನೇರವಾಗಿತ್ತು. ರಜೆಯ ದಿನ ಬಿಗಿದ ಒಂದೊಂದು ಬೋಲ್ಟೂ ಅವನ ಕಣ್ಣಮುಂದೆ ಬಂತು; ಮೊಣಕೈಯನ್ನು ನಂಬದೆ ಪಾನೆಯನ್ನು ನಂಬಿದ್ದು ಒಳ್ಳೆಯದಾಯಿತೆಂದು ಮೊದಲ ಸಲ ಅನ್ನಿಸಿತು. ಮೇಲೆ ಇಂಜಿನ್ನಿನ ಸದ್ದು ತುಸು ಏರಿತು, ಹೊಲಿಗೆ ಯಂತ್ರ ದಪ್ಪ ಬಟ್ಟೆಗೆ ಸೂಜಿಯಿಳಿಸುವಾಗ ಏರುವಷ್ಟೇ. ಗಾಡಿ ಕೂದಲೆಳೆಯಷ್ಟೂ ಹಿಂದೆ ಬರಲಿಲ್ಲ. ಒಂದೇ ಸಮನೆ ಹತ್ತಿ, ಆಚೆ ಇಳಿದು ಮರೆಯಾಯಿತು.

ಲೈಸೆನ್ಸು ಕೈಗೆ ಬಂದ ದಿನ ಮುದುಕಿ ಟ್ರಂಕು ತೆರೆದು ಸಿದ್ಧವಾಗಿಟ್ಟಿದ್ದಳು. “ಹೊಸದು, ಕೊಡು ಇಲ್ಲಿ. ಹಾಳಾಗುತ್ತೆ.” ಸೊಸೆ ಅದನ್ನು ರವಿಕೆಯೊಳಗೆ ಸೇರಿಸಿಕೊಂಡು, ಪಾಸಾದ ಕಾಗದ ನೋಡಿಯೇ ಒಡತಿ ಕೊಟ್ಟಿದ್ದ ವ್ಯಾನಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೊರಟಳು. ಹೋಗುವಾಗ ಟ್ರಂಕಿನಿಂದ ಹೊಸ ಹೊದಿಕೆಯೊಂದನ್ನು ಎಳೆದುಕೊಂಡು ಹೋಗಿ, ಚಾಲಕನ ಸೀಟಿನಲ್ಲಿ ಬೆನ್ನಿಗೆ ಮಡಿಸಿಟ್ಟಳು. ಆ ಹಗಲೆಲ್ಲ ‘ಕಳ್ಳತನ, ಕಳ್ಳತನ’ ಎಂದು ಮುದುಕಿ ಕೇರಿಗೆಲ್ಲ ಸಾರಿದಳು.

ಮೇಸ್ತ್ರಿ ಬದಲಾದ ಎಂದು ಹೇಳಿದರೆ ಸುಳ್ಳಾದೀತು. ಮೈದಾನದಲ್ಲಿ ಒಪ್ಪಿಕೊಂಡ ತಪ್ಪು ಚಹಾದಂಗಡಿಯಲ್ಲಿ ವಾರ ಕಳೆಯುವುದರೊಳಗೆ ಪರಾಕ್ರಮವಾಯಿತು. “ನೂರಾರು ಜನರ ಮುಂದೆ ಒಪ್ಕೊಂಡೋನು ನಾನು. ಎದೆ ಬೇಕು ಅದಕ್ಕೆ. ಎದುರಿನೋನು ಮಾಡ್ಲಿ ನೋಡೋಣ!” ಎಂದು ಅವನು ಮೇಜು ಗುದ್ದುವಾಗ, ತಪ್ಪು ಮಾಡಿದವನೂ ತಾನೇ ಎಂಬುದು ಕೇಳುವವರಿಗೂ ಮರೆತುಹೋಗುತ್ತಿತ್ತು. ಕೆಂಪು ಗ್ರೀಸಿನ ಡ್ರಮ್ಮು ಈಗಲೂ ಮೂಲೆಯಲ್ಲಿದೆ. ಕ್ಲಚ್ಚಿನ ಕೆಲಸ ಬಂದಾಗ ಮಾತ್ರ ಅದಕ್ಕೆ ಮುಚ್ಚಳ ಬೀಳುತ್ತದೆ, ಬಿಳಿ ಚಿಂದಿ ಹೊರಗೆ ಬರುತ್ತದೆ.

ರಜೆಯ ದಿನ ಹೆಂಡತಿ ಷಡ್ಡಕನ ಆ ಗಾಡಿಯನ್ನು ಕೇಳಿ ತಂದು ಮನೆಯವರನ್ನು ಸುತ್ತಾಡಿಸುತ್ತಾಳೆ. ಹಿಂದಿನ ಸೀಟಿನಲ್ಲಿ ಮುದುಕಿ. ಪಕ್ಕದಲ್ಲಿ ಮೇಸ್ತ್ರಿ, ಇಲ್ಲದ ಸದ್ದಿಗೆ ಕಿವಿಗೊಟ್ಟು.

“ಏನ್ರೀ, ಏನು ಕೇಳಿಸ್ತಿದೆ?”

“ಏನೂ ಇಲ್ಲ. ಅದೇ ಭಯ” ಎನ್ನುತ್ತಾನೆ. ಒಂದೂ ಬೋಲ್ಟು ಉಳಿಯದ ಗಾಡಿಯನ್ನು ಅವನು ಇವತ್ತಿಗೂ ಪೂರ್ತಿ ನಂಬಿಲ್ಲ. ಅವಳು ನಗುತ್ತ ಕಾಲನ್ನು ಮೆಲ್ಲಗೆ ಬಿಡುತ್ತಾಳೆ. ಗಾಡಿ, ಹೊಲಿಗೆ ಬಿದ್ದಷ್ಟು ಹಗುರವಾಗಿ, ಮುಂದೆ ಹೋಗುತ್ತದೆ.